ಹಳೆ ಬ್ಯಾಟರಿ ಯಾರ ಕೈಗೆ ಕೊಡುವುದು? ಅಂಗಡಿ, ಗುಜರಿ, ಸಂಗ್ರಹ ಕೇಂದ್ರಗಳ ಹೋಲಿಕೆ

ಮನೆಯಲ್ಲಿ ಸೀಸದ ಬ್ಯಾಟರಿ ಎಷ್ಟಿದೆ ಎಂದು ಕೇಳಿದರೆ ಹೆಚ್ಚಿನವರು ಇನ್ವರ್ಟರಿನ ಕಡೆ ಬೆರಳು ತೋರಿಸಿ "ಒಂದು" ಎನ್ನುತ್ತಾರೆ. ಹುಡುಕಿದರೆ ನಾಲ್ಕೈದು ಸಿಗುತ್ತವೆ. ಕಂಪ್ಯೂಟರಿನ ಯುಪಿಎಸ್ ಒಳಗೆ 12 ವೋಲ್ಟಿನ 7 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಒಂದು. ಅಟ್ಟ ಸೇರಿದ ಎಮರ್ಜೆನ್ಸಿ ಲ್ಯಾಂಪಿನಲ್ಲಿ 6 ವೋಲ್ಟಿನ 4.5 ಎಎಚ್. ಮಗು ಕೂತು ಓಡಿಸುತ್ತಿದ್ದ ಆಟಿಕೆ ಕಾರಿನಲ್ಲಿ ಅಂಥದೇ ಇನ್ನೊಂದು. ಸ್ಕೂಟರಿನಿಂದ ಬಿಚ್ಚಿ ಮೂಲೆಗಿಟ್ಟದ್ದು ಬೇರೆ. ತೋಟವಿದ್ದರೆ ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರಿನದು, ಸೋಲಾರ್ ಬೇಲಿಯದು. ಹಳೆಯ ಸೊಳ್ಳೆ ಬ್ಯಾಟ್ ಬಿಚ್ಚಿದರೆ ಅದರೊಳಗೂ ಬೆಂಕಿಪೊಟ್ಟಣದಷ್ಟು ಸಣ್ಣ 4 ವೋಲ್ಟಿನ ಸೀಸದ ಬ್ಯಾಟರಿ ಇರಬಹುದು.

ಇನ್ವರ್ಟರಿನ ದೊಡ್ಡ ಬ್ಯಾಟರಿ ಕಸಕ್ಕೆ ಹೋಗುವುದಿಲ್ಲ. ಅದಕ್ಕೆ ಬೆಲೆಯಿದೆ, ಕೇಳಿಕೊಂಡು ಬರುವವರಿದ್ದಾರೆ. ಕಸದ ಗಾಡಿಗೆ ಬೀಳುವುದು ಚಿಕ್ಕವು. ಮಾರಿದರೆ ಒಂದು ಊಟದ ದುಡ್ಡು ಬಂದೀತು, ಅದಕ್ಕಾಗಿ ಯಾರು ಅಲೆಯುತ್ತಾರೆ? ಆದರೆ 7 ಎಎಚ್ ಬ್ಯಾಟರಿಯ ತೂಕ ಎರಡು ಕೆಜಿಗೂ ಮೇಲು, ಅದರಲ್ಲಿ ಒಂದು ಕೆಜಿಗೂ ಮಿಕ್ಕಿ ಸೀಸ. ಹೀಗಾಗಿ ಈ ಹೋಲಿಕೆ ಮುಖ್ಯವಾಗಿ ಚಿಕ್ಕವನ್ನು ಕುರಿತದ್ದು. ದೊಡ್ಡದರ ಲೆಕ್ಕ ಗೊತ್ತಾಗದೆ ಗುಜರಿ ವ್ಯಾಪಾರದ ಗುಟ್ಟು ತಿಳಿಯುವುದಿಲ್ಲವಾದ್ದರಿಂದ ಇನ್ವರ್ಟರ್ ಬ್ಯಾಟರಿಯೂ ನಡುವೆ ಬರುತ್ತದೆ.

ಯಾವ ಅಳತೆಗೋಲು?

ಯಾರು ಹೆಚ್ಚು ದುಡ್ಡು ಕೊಡುತ್ತಾರೆ ಎನ್ನುವುದು ಸಹಜವಾಗಿ ಮೊದಲು ಬರುವ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಬ್ಯಾಟರಿ ಒಡೆಯದೆ, ಆಸಿಡ್ ಚೆಲ್ಲದೆ, ಇಡಿಯಾಗಿ ಪರವಾನಗಿ ಇರುವ ಕುಲುಮೆ ಮುಟ್ಟುತ್ತದೆಯೇ? ಈ ಒಂದು ಪ್ರಶ್ನೆಗೆ ಸಿಗುವ ಉತ್ತರದ ಮೇಲೆಯೇ ಮುಂದಿನ ಎಲ್ಲ ಆಯ್ಕೆಗಳನ್ನು ತೂಗಿದ್ದೇವೆ.

ಯಾಕೆಂದರೆ ಸೀಸದ ಬ್ಯಾಟರಿ ಹೆಚ್ಚುಕಮ್ಮಿ ಪೂರ್ತಿ ಮರುಬಳಕೆಯಾಗುವ ವಸ್ತು. ಸರಿಯಾದ ಕಾರ್ಖಾನೆಯಲ್ಲಿ ಮುಚ್ಚಿದ ಯಂತ್ರವೊಂದು ಅದನ್ನು ಒಡೆಯುತ್ತದೆ. ತೊಟ್ಟಿಯ ನೀರಿನಲ್ಲಿ ಪ್ಲಾಸ್ಟಿಕ್ ತೇಲುತ್ತದೆ, ಸೀಸ ಮುಳುಗುತ್ತದೆ. ಆಸಿಡ್ಡನ್ನು ಸೋಸಿ ಮತ್ತೆ ಬಳಸುತ್ತಾರೆ, ಇಲ್ಲವೇ ಸುಣ್ಣ-ಸೋಡಾ ಹಾಕಿ ಸಾಯಿಸುತ್ತಾರೆ. ಬ್ಯಾಟರಿಯೊಳಗಿನ ಸೀಸದ ಪ್ಲೇಟುಗಳಿಗೆ ಮೆತ್ತಿದ ಪೇಸ್ಟು ಕುಲುಮೆಗೆ ಹೋಗುತ್ತದೆ, ಹೊಗೆ ಚೀಲದ ಫಿಲ್ಟರುಗಳನ್ನು ದಾಟಿಯೇ ಚಿಮಣಿ ಏರುತ್ತದೆ. ಕೊನೆಗೆ ಸಿಗುವ ಶುದ್ಧ ಸೀಸ ಹೊಸ ಬ್ಯಾಟರಿಗೆ ವಾಪಸು. ಬೆಂಗಳೂರಿನ ಹತ್ತಿರ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಎಕ್ಸೈಡ್ ಕಂಪನಿಯ ಅಂಗಸಂಸ್ಥೆಯ ಇಂಥ ಸೀಸ ಮರುಸಂಸ್ಕರಣ ಘಟಕವಿದೆ.

ಊರಾಚೆಯ ಕಳ್ಳ ಭಟ್ಟಿಯ ಕೆಲಸ ಬೇರೆ. ಕೊಡಲಿಯಲ್ಲಿ ಒಡೆದು, ಆಸಿಡ್ಡನ್ನು ನೆಲಕ್ಕೆ ಸುರಿದು, ಪ್ಲೇಟುಗಳನ್ನು ಇದ್ದಿಲಿನ ಜೊತೆ ತೆರೆದ ಗುಂಡಿಯಲ್ಲಿ ಕಾಯಿಸುತ್ತಾರೆ. ಸೀಸ ಕರಗಲು 327 ಡಿಗ್ರಿ ಸಾಕು. ಪ್ಲೇಟಿನ ಮೇಲಿನ ಪೇಸ್ಟು ಮಾತ್ರ ಸೀಸವಲ್ಲ, ಸೀಸದ ಆಕ್ಸೈಡು ಮತ್ತು ಸಲ್ಫೇಟು. ಅದರಿಂದ ಸೀಸ ಹೊರಡಲು ಸಾವಿರ ಡಿಗ್ರಿ ಆಸುಪಾಸಿನ ಶಾಖ ಬೇಕು. ಗುಂಡಿಯಲ್ಲಿ ಅಷ್ಟು ಕಾವು ನಿಲ್ಲುವುದಿಲ್ಲ. ಪೇಸ್ಟಿನ ದೊಡ್ಡ ಪಾಲು ಬೂದಿಯಾಗಿ ಅಲ್ಲೇ ಉಳಿಯುತ್ತದೆ, ಉಳಿದದ್ದು ಹೊಗೆಯ ಜೊತೆ ಸುತ್ತಲಿನ ಮನೆ ಅಂಗಳಗಳಿಗೆ ಇಳಿಯುತ್ತದೆ. ಸೆನೆಗಲ್ ದೇಶದ ಡಾಕಾರ್ ಬಳಿಯ ಥಿಯಾರೊಯ್‌ನಲ್ಲಿ ಬ್ಯಾಟರಿ ಒಡೆದ ಮಣ್ಣನ್ನು ಜನ ಸೀಸಕ್ಕಾಗಿ ಜಾಲಿಸುತ್ತಿದ್ದರು. 2007ರ ಕೊನೆಯಿಂದ 2008ರ ಆರಂಭದ ಕೆಲವೇ ತಿಂಗಳಲ್ಲಿ ಅಲ್ಲಿ 18 ಮಕ್ಕಳು ಸತ್ತರು.

ನಮ್ಮಲ್ಲೂ ಇದು ದೂರದ ಮಾತಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಎಂಬ ಸಂಸ್ಥೆ 2020ರಲ್ಲಿ ಕೊಟ್ಟ ಅಂದಾಜಿನಂತೆ ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮೀರಿದೆ. ಮಕ್ಕಳ ಮೈಗೆ ಸೀಸ ಸೇರುತ್ತಿದೆ ಎಂದು ದೇಶದಲ್ಲಿ ಮೊದಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಒಬ್ಬರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್. ಸೀಸದ ವಿಷದ ರಾಷ್ಟ್ರೀಯ ಕೇಂದ್ರ ಶುರುವಾದದ್ದೂ ಅಲ್ಲಿಯೇ. ಮಕ್ಕಳ ಮೈ ಸೇರುವ ಸೀಸಕ್ಕೆ ಬಣ್ಣ, ಕಲಬೆರಕೆ ಮಸಾಲೆ, ಸೀಸ ಬೆರೆಸಿದ ಕಲಾಯಿ ಎಂದು ದಾರಿಗಳು ಹಲವು. ಬ್ಯಾಟರಿ ಅದರಲ್ಲಿ ದೊಡ್ಡ ದಾರಿ.

ಮೊದಲು ಗುರುತು ಹಿಡಿಯಿರಿ

ಕಪ್ಪು ಡಬ್ಬಿಗಳೆಲ್ಲ ಸೀಸದವಲ್ಲ. ಈಚೆಗೆ ಅದೇ ಅಳತೆಯ, ಅದೇ 12 ವೋಲ್ಟಿನ ಲಿಥಿಯಂ ಬ್ಯಾಟರಿಗಳು ಸ್ಪ್ರೇಯರಿಗೂ ಸೋಲಾರ್ ದೀಪಕ್ಕೂ ಬಂದಿವೆ. ಕೈಯಲ್ಲಿ ಎತ್ತಿದರೇ ಗೊತ್ತಾಗುತ್ತದೆ: 7 ಎಎಚ್‌ನ ಸೀಸದ್ದು ಎರಡು ಕೆಜಿ ಮೀರಿ ಕೈ ಜಗ್ಗುತ್ತದೆ, ಲಿಥಿಯಂ ಒಂದು ಕೆಜಿ ಒಳಗೆ. ಲೇಬಲ್ಲಿನಲ್ಲಿ ಗೀಟು ಹಾಕಿದ ಕಸದಬುಟ್ಟಿಯ ಚಿತ್ರ, ಅದರ ಕೆಳಗೆ 'ಪಿಬಿ' ಎಂಬ ಎರಡು ಇಂಗ್ಲಿಷ್ ಅಕ್ಷರ ಇದ್ದರೆ ಸೀಸ. ಈ ವಿಂಗಡಣೆ ಯಾಕೆ ಮುಖ್ಯ ಎಂದರೆ, ಸೀಸದ ರಾಶಿಯಲ್ಲಿ ತಪ್ಪಿ ಸೇರಿದ ಒಂದು ಲಿಥಿಯಂ ಬ್ಯಾಟರಿ ಒಡೆಯುವ ಯಂತ್ರದಲ್ಲಿ ಹೊತ್ತಿಕೊಂಡರೆ ಕೆಲಸಗಾರನ ಮುಖಕ್ಕೇ ಕುತ್ತು. ಅನುಮಾನ ಬಂದದ್ದನ್ನು ಬೇರೆಯಾಗಿಯೇ ಇಟ್ಟು, ಕೊಡುವಾಗ ಬಾಯಿಬಿಟ್ಟು ಹೇಳಿ.

ಇನ್ನೊಂದು: ವಾರಂಟಿ ಉಳಿದಿದೆಯೇ ನೋಡಿ. ಎಕ್ಸ್‌ಚೇಂಜಿಗೆ ಕೊಟ್ಟ ಮೇಲೆ ಕಾರ್ಡು ಸಿಕ್ಕಿದರೆ ಏನೂ ಮಾಡಲಾಗದು. ಸಾಮಾನ್ಯವಾಗಿ ಮೊದಲ ಅವಧಿಯಲ್ಲಿ ಬದಲಿ ಬ್ಯಾಟರಿ, ಆಮೇಲಿನ ತಿಂಗಳುಗಳಲ್ಲಿ ಹೊಸದರ ಬೆಲೆಯಲ್ಲಿ ರಿಯಾಯಿತಿ. ಮುಚ್ಚಳದ ಮೇಲೆ ಅಚ್ಚಾದ ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆಯೂ ಬೇಕಾಗುತ್ತದೆ.

ಬ್ಯಾಟರಿ ಅಂಗಡಿಯ ಎಕ್ಸ್‌ಚೇಂಜ್

ಹೆಚ್ಚಿನ ಮನೆಗಳಿಗೆ ಇದೇ ಒಳ್ಳೆಯ ದಾರಿ, ಹೇಗೂ ಹೊಸದು ಕೊಳ್ಳಬೇಕು. 2001ರ ಬ್ಯಾಟರಿ ನಿಯಮಗಳ ಕಾಲದಿಂದಲೇ ಅಂಗಡಿಯವರು ಹಳೆಯದನ್ನು ವಾಪಸು ಪಡೆದು ರಿಯಾಯಿತಿ ಕೊಡುವ ಪದ್ಧತಿ ಬೇರು ಬಿಟ್ಟಿದೆ. ಆ ನಿಯಮಗಳ ಜಾಗಕ್ಕೆ 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕ ಕಂಪನಿಗಳ ಮೇಲೆಯೇ ಸಂಗ್ರಹದ ಗುರಿ ಹೊರಿಸಿವೆ. ಕಂಪನಿಗೆ ಹಳೆಯದು ಬೇಕು, ಹಾಗಾಗಿ ಡೀಲರಿಗೂ ಬೇಕು. ಗ್ರಾಹಕನ ಪಾಲಿಗೂ ಒಂದು ಹೊಣೆ ಬಂದಿದೆ: ಬ್ಯಾಟರಿಯನ್ನು ಮನೆಯ ಉಳಿದ ಕಸದಲ್ಲಿ ಬೆರೆಸದೆ, ಸಂಗ್ರಹಿಸುವವರಿಗೋ ಮರುಬಳಕೆಯವರಿಗೋ ಕೊಡಬೇಕು.

ಎಲ್ಲ ಅಂಗಡಿಯೂ ಒಂದೇ ಅಲ್ಲ. ಒಳಗೆ ಹೋದಾಗ ಹಳೆಯ ಬ್ಯಾಟರಿ ಇಡುವ ಮೂಲೆಯನ್ನೊಮ್ಮೆ ನೋಡಿ. ನೆಟ್ಟಗೆ ನಿಲ್ಲಿಸಿದ್ದಾರೆ, ಮುಚ್ಚಳಗಳು ಬಿಗಿಯಾಗಿವೆ, ನೆಲ ಒಣಗಿದೆ ಎಂದರೆ ಅವು ಇಡಿಯಾಗಿಯೇ ಹೋಗುತ್ತವೆ. ಮಗುಚಿ ಹಾಕಿದ ಟೊಳ್ಳು ಡಬ್ಬಿಗಳಿದ್ದರೆ, ಚರಂಡಿಯ ಅಂಚಿನ ಸಿಮೆಂಟು ತಿಂದುಹೋಗಿ ಜಲ್ಲಿ ಎದ್ದಿದ್ದರೆ, ಬೋರ್ಡಿನ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಅದು ಗುಜರಿಯೇ.

ಬೆಲೆ ಕೇಳುವಾಗ ಎರಡು ಅಂಕಿ ಕೇಳಿ: ಹಳೆಯದು ಕೊಟ್ಟರೆ ಎಷ್ಟು, ಕೊಡದಿದ್ದರೆ ಎಷ್ಟು. ಆ ವ್ಯತ್ಯಾಸವೇ ನಿಮ್ಮ ಹಳೆಯ ಬ್ಯಾಟರಿಯ ನಿಜವಾದ ಬೆಲೆ. 'ಹಳೆಯದಕ್ಕೆ ಇಷ್ಟು ಕಡಿಮೆ ಮಾಡಿದ್ದೇನೆ' ಎನ್ನುವ ದೊಡ್ಡ ಅಂಕಿಯನ್ನು ಎಂಆರ್‌ಪಿಯ ಮೇಲೆ ತೋರಿಸುತ್ತಾರೆ, ಆ ಎಂಆರ್‌ಪಿಗೆ ಯಾರೂ ಕೊಳ್ಳುವುದಿಲ್ಲ. ಬಿಲ್ಲಿನಲ್ಲಿ ಹಳೆಯ ಬ್ಯಾಟರಿಯ ಎಎಚ್ ಮತ್ತು ರಿಯಾಯಿತಿ ಎರಡನ್ನೂ ಬರೆಸಿಕೊಳ್ಳಿ. ಬಿಲ್ಲಿಗೆ ಬಂದ ಬ್ಯಾಟರಿ ಅಂಗಡಿಯ ಲೆಕ್ಕಕ್ಕೆ ಬರುತ್ತದೆ. ಬರದಿದ್ದರೆ ಮನೆಗೆ ಬಂದ ಫಿಟ್ಟಿಂಗ್ ಹುಡುಗನ ಸ್ವಂತ ಲೆಕ್ಕಕ್ಕೆ ಹೋಗುವುದುಂಟು.

ಇಲ್ಲೇ ಒಂದು ಎಡವಟ್ಟು ಆಗುತ್ತದೆ. ಇನ್ವರ್ಟರಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ ಆಸಿಡ್ ತುಂಬಿದಾಗ 55-60 ಕೆಜಿ ತೂಗುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ಇಳಿಸಲು ಬಂದವರು 'ಸ್ವಲ್ಪ ಹಗುರ ಮಾಡ್ಕೋತೀವಿ ಸಾರ್' ಎಂದು ಬಚ್ಚಲಿಗೋ ಟೆರೇಸಿನ ನೀರಿನ ಕೊಳವೆಗೋ ಆಸಿಡ್ ಸುರಿದುಬಿಡುತ್ತಾರೆ. ಸುಮಾರು 20 ಲೀಟರ್. ಟೈಲ್ಸ್ ನಡುವಿನ ಸಿಮೆಂಟು ನೊರೆಯೆದ್ದು ಬುಸುಗುಡುತ್ತದೆ, ನಿಮಿಷದೊಳಗೆ ಬೂದುಬಣ್ಣದ ಗೊಜ್ಜಾಗುತ್ತದೆ. ಆ ಬೂದುಬಣ್ಣದಲ್ಲಿ ಬ್ಯಾಟರಿಯ ತಳದಲ್ಲಿ ಕೂತಿದ್ದ ಸೀಸದ ಕೆಸರೂ ಸೇರಿದೆ. ಈ ಆಸಿಡ್ಡನ್ನೇ ವ್ಯಾಪಾರದವರು 'ನೀರು' ಎನ್ನುತ್ತಾರೆ. ಫೋನ್ ಮಾಡುವಾಗಲೇ ಹೇಳಿಬಿಡಿ: 'ನೀರು ಚೆಲ್ಲಬಾರದು, ಇಬ್ಬರು ಬನ್ನಿ, ಹಗ್ಗದ ಹಿಡಿ ತನ್ನಿ.' ಇಳಿಸುವ ಕೂಲಿ ನೂರಿನ್ನೂರು ಹೆಚ್ಚು ಕೇಳಿದರೆ ಕೊಡುವುದೇ ಲೇಸು.

ಚಿಕ್ಕ ಬ್ಯಾಟರಿಗೆ ಅಂಗಡಿಯವರು ಎಕ್ಸ್‌ಚೇಂಜ್ ಇಲ್ಲ ಎನ್ನಬಹುದು. ಹೊಸದು ಕೊಳ್ಳದಿದ್ದರಂತೂ ಮುಖ ತಿರುಗಿಸುತ್ತಾರೆ. ಆಗ ದುಡ್ಡಿನ ಮಾತು ಬಿಟ್ಟು 'ಸುಮ್ಮನೆ ತಗೊಳ್ಳಿ, ಹಳೇದರ ಜೊತೆ ಸೇರಿಸಿ' ಎಂದರೆ ಬೇಡ ಎನ್ನುವವರು ಕಡಿಮೆ, ಅವರಿಗೂ ಅದು ತೂಕವೇ. ನಮ್ಮ ಮಟ್ಟಿಗೆ ಎರಡು ಕೆಜಿಯ ಬ್ಯಾಟರಿಗೆ ದರ ಕೇಳುತ್ತ ನಿಲ್ಲುವುದಕ್ಕಿಂತ, ಸರಿಯಾದ ಕೈಗೆ ಪುಕ್ಕಟೆ ಕೊಡುವುದು ವಾಸಿ.

ಆನ್‌ಲೈನಿನಲ್ಲಿ ಕೊಳ್ಳುವವರು ಷರತ್ತು ಓದಿಕೊಳ್ಳಬೇಕು. ಅದೇ ಎಎಚ್‌ನ, ಒಡೆಯದ, ಆಸಿಡ್ ಖಾಲಿಯಾಗದ ಬ್ಯಾಟರಿಯನ್ನೇ ಕೇಳುತ್ತಾರೆ. ಹೊಸದು ತಂದವರೇ ಹಳೆಯದನ್ನು ಒಯ್ಯುತ್ತಾರೆಯೇ ಎಂದು ಆರ್ಡರಿಗೆ ಮುಂಚೆ ಖಚಿತ ಮಾಡಿಕೊಳ್ಳದಿದ್ದರೆ ಮನೆಯಲ್ಲಿ ಎರಡೂ ಉಳಿಯುತ್ತವೆ.

ಗುಜರಿ

ಬೀದಿಗೆ ಬರುವ ಗುಜರಿಯವರನ್ನು ಬೈಯುವುದು ಸುಲಭ. ಬೀದಿಗಳ ಕಬ್ಬಿಣ, ಪೇಪರು, ಬಾಟಲಿ ಮರುಬಳಕೆಯಾಗುತ್ತಿರುವುದು ಅವರ ಬೆನ್ನಿನ ಮೇಲೆಯೇ. ಬ್ಯಾಟರಿಯ ವಿಷಯದಲ್ಲಿ ಮಾತ್ರ ತೊಡಕಿದೆ, ಅದು ತಕ್ಕಡಿಯಲ್ಲಿ ಹುಟ್ಟಿದ್ದು.

ಗುಜರಿಯಲ್ಲಿ ಬ್ಯಾಟರಿಗೆ ಎರಡು ದರ: ನೀರಿದ್ದದ್ದಕ್ಕೆ ಒಂದು, ನೀರು ಖಾಲಿ ಮಾಡಿದ್ದಕ್ಕೆ ಇನ್ನೊಂದು. ಮುಂದಿನ ಅಂಗಡಿಯವನು ನೀರಿನ ತೂಕಕ್ಕೆ ಸೀಸದ ಬೆಲೆ ಕೊಡಲಾರ, ಆದ್ದರಿಂದ ಎರಡನೆಯ ದರ ಕಿಲೋಗೆ ಹೆಚ್ಚು. ಕೇಳಿದವರಿಗೆ ಖಾಲಿ ಮಾಡಿ ಕೊಟ್ಟರೇ ಲಾಭ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡೋಣ. ದರಗಳು ಬರೀ ಉದಾಹರಣೆಗೆ. ನಿಜವಾದ ದರ ಲಂಡನ್ನಿನ ಲೋಹ ಮಾರುಕಟ್ಟೆಯ ಸೀಸದ ಬೆಲೆಯ ಹಿಂದೆ ಹಿಂದೆ ಏರಿಳಿಯುತ್ತದೆ. ತುಂಬಿದ ಬ್ಯಾಟರಿ 56 ಕೆಜಿ, ನೀರಿನ ಸಮೇತ ಕಿಲೋಗೆ 80 ರೂಪಾಯಿ ಎಂದರೆ 4,480. ಅದೇ ಬ್ಯಾಟರಿಯಿಂದ 23 ಕೆಜಿ ಆಸಿಡ್ ಚೆಲ್ಲಿದರೆ ಉಳಿಯುವುದು 33 ಕೆಜಿ. ಕಿಲೋಗೆ 110 ಕೊಟ್ಟರೂ ಬರುವುದು 3,630. ಚರಂಡಿಗೆ ವಿಷವೂ ಹೋಯಿತು, 850 ರೂಪಾಯಿಯೂ ಹೋಯಿತು. ಇಂಥ ಬ್ಯಾಟರಿಯಲ್ಲಿ ಖಾಲಿ ದರ ನೀರಿನ ದರದ 1.7 ಪಟ್ಟು ಆದರೆ ಮಾತ್ರ ಎರಡೂ ಸಮ. ಗುಜರಿಯವರು ಬಾಗಿಲಲ್ಲಿ ನಿಂತು 'ಖಾಲಿ ಮಾಡಿ ಕೊಡಿ, ರೇಟ್ ಜಾಸ್ತಿ' ಎಂದಾಗ ಈ 1.7 ನೆನಪಿರಲಿ.

ಸೀಲ್ ಮಾಡಿದ ಚಿಕ್ಕ ಬ್ಯಾಟರಿಯಲ್ಲಿ ಈ ಆಟವಿಲ್ಲ. ಅದರ ಆಸಿಡ್ ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರುತ್ತದೆ, ಸುರಿಯಲು ಬರುವುದಿಲ್ಲ. ಅದರದು ಬೇರೆ ಗತಿ: ಸುತ್ತಿಗೆಯಿಂದ ಡಬ್ಬಿ ಒಡೆದು ಪ್ಲೇಟು ಕಿತ್ತು, ಪ್ಲಾಸ್ಟಿಕ್ ಮತ್ತು ಸೀಸ ಬೇರೆ ಬೇರೆ ತೂಕಕ್ಕೆ. ಆ ಕೆಲಸ ನಡೆಯುವುದು ಅಂಗಡಿಯ ಹಿಂದಿನ ಶೆಡ್ಡಿನಲ್ಲಿ. ಎಷ್ಟೋ ಕಡೆ ಮನೆಯವರೂ ಮಕ್ಕಳೂ ಇರುವುದು ಅಲ್ಲಿಯೇ.

ಗುಜರಿ ಬಿಟ್ಟು ಬೇರೆ ದಾರಿಯೇ ಇಲ್ಲದ ಊರುಗಳಿವೆ. ಅಂಥ ಕಡೆ ತಳ್ಳುಗಾಡಿಯವರಿಗಿಂತ ಊರಿನ ದೊಡ್ಡ ಗುಜರಿ ಅಂಗಡಿಗೆ ಹೋಗಿ. ಬ್ಯಾಟರಿಯನ್ನು ಲಾರಿಗೆ ಲೋಡ್ ಮಾಡಿ ಕಾರ್ಖಾನೆಗೆ ಕಳಿಸುವವರು ಒಡೆಯುವ ಗೋಜಿಗೆ ಹೋಗುವುದಿಲ್ಲ, ಅವರಿಗೆ ಇಡೀ ಬ್ಯಾಟರಿಯೇ ಸರಕು. 'ನೀರು ಸಮೇತ ತೂಗಿ' ಎಂದಾಗ ತಕರಾರಿಲ್ಲದೆ ತೂಗಿ ನೆಟ್ಟಗೆ ಇಟ್ಟರೆ ಅದು ಒಳ್ಳೆಯ ಗುರುತು. ಮುಚ್ಚಳ ಬಿಚ್ಚಲು ಕೈ ಹಾಕಿದರೆ ವಾಪಸು ತನ್ನಿ.

ಮರುಬಳಕೆ ಘಟಕಕ್ಕೆ ನೇರವಾಗಿ

ನೋಂದಾಯಿತ ಮರುಬಳಕೆದಾರರ ಪಟ್ಟಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಬ್ಯಾಟರಿ ಪೋರ್ಟಲ್ಲಿನಲ್ಲಿದೆ. ರಾಜ್ಯ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲೂ ಕೇಳಬಹುದು. ಒಂದು ಯುಪಿಎಸ್ ಬ್ಯಾಟರಿಗಾಗಿ ಅವರ ಗಾಡಿ ಬರುವುದಿಲ್ಲ. ಈ ದಾರಿ ಅಪಾರ್ಟ್‌ಮೆಂಟು, ಶಾಲೆ, ಹಾಲಿನ ಡೇರಿ, ಸಹಕಾರ ಸಂಘಗಳಿಗೆ.

ಅಪಾರ್ಟ್‌ಮೆಂಟಿನಲ್ಲಿ ಜನ ಎಣಿಸದ ಬ್ಯಾಟರಿಗಳೇ ಬಹಳ. ಕರೆಂಟು ಹೋದಾಗ ಲಿಫ್ಟನ್ನು ಮುಂದಿನ ಮಹಡಿಗೆ ತಂದು ನಿಲ್ಲಿಸುವ ಸಾಧನದಲ್ಲಿ, ಇಂಟರ್‌ಕಾಮಿನಲ್ಲಿ, ಬೆಂಕಿ ಅಲಾರಮ್ಮಿನಲ್ಲಿ, ಜನರೇಟರಿನ ಸ್ಟಾರ್ಟರಿನಲ್ಲಿ ಇರುವುದೆಲ್ಲ ಸಾಮಾನ್ಯವಾಗಿ ಸೀಸದ್ದೇ. ಇವುಗಳ ಜೊತೆ ಮನೆಗಳ ಯುಪಿಎಸ್ ಬ್ಯಾಟರಿ ಒಂದು 40 ಸೇರಿದರೂ ಅವೇ 80-90 ಕೆಜಿ ಆಗುತ್ತವೆ. ವರ್ಷಕ್ಕೊಮ್ಮೆ ಒಂದು ಭಾನುವಾರ ಗೊತ್ತುಮಾಡಿ ಸಂಗ್ರಹಿಸಿದರೆ ಬ್ಯಾಟರಿ ಡೀಲರೇ ಗಾಡಿ ಕಳಿಸುತ್ತಾರೆ, ದುಡ್ಡೂ ಕೊಡುತ್ತಾರೆ. ಇಡಲು ಮಳೆ ಬೀಳದ, ಗಾಳಿಯಾಡುವ ಜಾಗ ಬೇಕು, ಕೆಳಗೆ ಪ್ಲಾಸ್ಟಿಕ್ ಕ್ರೇಟು. ಕಬ್ಬಿಣದ ಬೀರು ಬೇಡ: ಟರ್ಮಿನಲ್ಲು ತಗುಲಿದರೆ ಶಾರ್ಟ್, ಆಸಿಡ್ ಸೋರಿದರೆ ತುಕ್ಕು. ಸಂಗ್ರಹದ ದಿನ ಒಬ್ಬರು ಕೂತು ಲಿಥಿಯಂ ಬೇರೆ ಮಾಡಬೇಕು, ಇಲ್ಲದಿದ್ದರೆ ಪವರ್ ಬ್ಯಾಂಕು, ಲ್ಯಾಪ್‌ಟಾಪ್ ಬ್ಯಾಟರಿ ಎಲ್ಲ ಅದೇ ಕ್ರೇಟಿಗೆ ಬೀಳುತ್ತವೆ.

ಇ-ತ್ಯಾಜ್ಯದವರು, ಪಾಲಿಕೆಯ ಗಾಡಿ

ಇ-ತ್ಯಾಜ್ಯದ ನಿಯಮ ಬೇರೆ, ಬ್ಯಾಟರಿಯ ನಿಯಮ ಬೇರೆ. ಇ-ತ್ಯಾಜ್ಯದ ಪರವಾನಗಿ ಇದ್ದ ಮಾತ್ರಕ್ಕೆ ಸೀಸದ ಬ್ಯಾಟರಿ ಒಡೆಯುವ ಹಕ್ಕು ಬರುವುದಿಲ್ಲ. ಯುಪಿಎಸ್ಸನ್ನೇ ಪೂರ್ತಿ ಕೊಡುವುದಾದರೆ ಬ್ಯಾಟರಿ ಒಳಗಿದೆಯೆಂದು ಹೇಳಿ ಕೊಡಿ, ಅವರು ಅದನ್ನು ಬೇರೆ ಮಾಡಿ ಬ್ಯಾಟರಿ ಘಟಕಕ್ಕೆ ಕಳಿಸುತ್ತಾರೆಯೇ ಕೇಳಿ. ಹೌದಾದರೆ ಎರಡೂ ಒಂದೇ ಸಲ ಮುಗಿಯುತ್ತದೆ, ಚಿಕ್ಕ ಬ್ಯಾಟರಿಗೆ ಇದು ಅಂಗಡಿಯಷ್ಟೇ ಒಳ್ಳೆಯದು. ಉತ್ತರ ತಡವರಿಸಿದರೆ ಬ್ಯಾಟರಿ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಕೊಡಿ.

ಪಾಲಿಕೆಯ ಒಣಕಸದ ಗಾಡಿ ಬೇಡ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಹಳೆ ಬ್ಯಾಟರಿಯನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿ ಬೇರೆ ಇಡಲು ಹೇಳಲಾಗಿತ್ತು. ಗಾಡಿಯಲ್ಲಿ ಪೇಪರು-ಪ್ಲಾಸ್ಟಿಕ್ಕಿನ ಜೊತೆ ಬಿದ್ದ ಬ್ಯಾಟರಿ ವಿಂಗಡಿಸುವ ಪೌರಕಾರ್ಮಿಕರ ಬರಿಗೈಗೆ ಸಿಗುತ್ತದೆ. ಸಂಗ್ರಹ ಕೇಂದ್ರಕ್ಕೆ ನೀವೇ ಒಯ್ದು, ಅಪಾಯಕಾರಿ ಕಸಕ್ಕೆಂದು ಬೇರೆ ಡಬ್ಬ ಇಟ್ಟಿದ್ದಾರೆಂದು ಕಂಡರೆ ಕೊಡಬಹುದು.

ರೀಕಂಡಿಷನ್ ಮಾಡಿಸಿದರೆ?

ಹಳೆಯ ಆಸಿಡ್ ಚೆಲ್ಲಿ ಹೊಸದು ತುಂಬಿ ನಿಧಾನವಾಗಿ ಚಾರ್ಜ್ ಮಾಡುವುದು, ಇಲ್ಲವೇ ಸತ್ತ ಸೆಲ್ಲಿನ (ಬ್ಯಾಟರಿಯೊಳಗಿನ ಒಂದೊಂದು ಖಾನೆ) ಪ್ಲೇಟು ಬದಲಿಸುವುದು, ಇದನ್ನೇ ರೀಕಂಡಿಷನ್ ಎನ್ನುತ್ತಾರೆ. ಕೆಲವು ತಿಂಗಳು ಓಡುತ್ತದೆ. ಚೆಲ್ಲಿದ ಆಸಿಡ್ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಇಲ್ಲೂ ಇದೆ, ಉತ್ತರ ಸಾಮಾನ್ಯವಾಗಿ ಪಕ್ಕದ ಚರಂಡಿ. ಆಯಸ್ಸು ಮುಗಿದ ಬ್ಯಾಟರಿಯ ಪ್ಲೇಟಿನಿಂದ ಪೇಸ್ಟು ಉದುರಿ ತಳ ಸೇರಿರುತ್ತದೆ, ಹೊಸ ಆಸಿಡ್ ಅದನ್ನು ವಾಪಸು ಅಂಟಿಸುವುದಿಲ್ಲ.

ದುಡ್ಡು ಹಾಕುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ರಾತ್ರಿಯಿಡೀ ಚಾರ್ಜ್ ಮಾಡಿ, ಬಿಚ್ಚಿ ಐದಾರು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. 12 ವೋಲ್ಟಿನದು 12.6ರ ಆಸುಪಾಸು ತೋರಿಸಬೇಕು. 10.5 ಹತ್ತಿರ ನಿಂತರೆ ಆರು ಸೆಲ್ಲಿನಲ್ಲಿ ಒಂದು ಶಾರ್ಟ್ ಆಗಿದೆ, ಆಸೆ ಬಿಡಿ. 6 ವೋಲ್ಟಿನದರಲ್ಲಿ 4.2 ಕಂಡರೂ ಅದೇ ಕತೆ. ವೋಲ್ಟು ಸರಿಯಿದ್ದು ಲೋಡ್ ಹಾಕಿದ ತಕ್ಷಣ ಕುಸಿದರೆ ಪ್ಲೇಟಿನ ಮೇಲೆ ಗಟ್ಟಿ ಸಲ್ಫೇಟ್ ಕೂತಿದೆ, ಅಥವಾ ಒಳಗೆ ಒಣಗಿದೆ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಟ್ಟಕ್ಕೆ ತಂದು ಒಮ್ಮೆ ನಿಧಾನ ಚಾರ್ಜ್ ಕೊಟ್ಟು ನೋಡಬಹುದು, ಕಳೆದುಕೊಳ್ಳುವುದೇನಿಲ್ಲ. ಸೀಲ್ ಇದ್ದದ್ದರ ಮುಚ್ಚಳ ಎಬ್ಬಿಸಿ ಸಿರಿಂಜಿನಲ್ಲಿ ನೀರು ಬಿಡುವ ವಿಡಿಯೋಗಳು ಬಹಳ ಓಡುತ್ತವೆ. ಗೆದ್ದರೆ ಕೆಲವು ವಾರದ ಆಯಸ್ಸು, ಸೋತರೆ ಸೋರುವ ಡಬ್ಬಿ. ಆ ಸೋರುವ ಡಬ್ಬಿಯನ್ನು ಆಮೇಲೆ ಅಂಗಡಿಯವರು ಮುಟ್ಟುವುದಿಲ್ಲ.

ಗುಜರಿ ಬೆಲೆ ತೂಕದ ಮೇಲೆ, ಚಾರ್ಜಿನ ಮೇಲಲ್ಲ. ಪೂರ್ತಿ ಸತ್ತದ್ದಕ್ಕೂ ಅರೆಜೀವದ್ದಕ್ಕೂ ಒಂದೇ ದರ, ಹಾಗಾಗಿ ಕಾಯುತ್ತ ಇಟ್ಟುಕೊಂಡು ಲಾಭವಿಲ್ಲ.

ಮನೆಯಲ್ಲೇ ಒಡೆದು ಮೀನಿನ ಬಲೆಗೆ ಕಟ್ಟುವ ಗುಂಡುಗಳಿಗೋ, ಬೇರೆ ಕೆಲಸಕ್ಕೋ ಸೀಸ ಕರಗಿಸುವುದನ್ನು ಆಯ್ಕೆಗಳ ಸಾಲಿಗೆ ಸೇರಿಸುವುದಿಲ್ಲ. ಅದಕ್ಕೆ ಬಳಸಿದ ಬಾಣಲೆಯಾಗಲಿ, ಒಲೆಯ ಸುತ್ತಲಿನ ಮಣ್ಣಾಗಲಿ ಮತ್ತೆ ಮನೆಯದಾಗುವುದಿಲ್ಲ.

ನಿಮ್ಮದು ಯಾವುದು, ಎಲ್ಲಿಗೆ

ಇನ್ವರ್ಟರ್ ಬ್ಯಾಟರಿ: ಎಕ್ಸ್‌ಚೇಂಜ್, ಬಿಲ್ಲಿನ ಸಮೇತ. ಬೈಕು, ಸ್ಕೂಟರಿನದು: ಹೊಸದು ಹಾಕುವ ಅಂಗಡಿಯಲ್ಲೇ ಬಿಟ್ಟುಬನ್ನಿ, ಹೇಗೂ ಕಳಚುವವರು ಅವರೇ. ಯುಪಿಎಸ್ಸಿನ 7 ಎಎಚ್: ಬ್ಯಾಟರಿ ಅಂಗಡಿ, ಇಲ್ಲವೇ ಬ್ಯಾಟರಿ ಬೇರೆ ಕಳಿಸುವ ಇ-ತ್ಯಾಜ್ಯದವರು. ಎಮರ್ಜೆನ್ಸಿ ಲ್ಯಾಂಪು, ಆಟಿಕೆ, ಸೊಳ್ಳೆ ಬ್ಯಾಟಿನ ಪುಟಾಣಿಗಳನ್ನು ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಸೇರಿಸಿಟ್ಟು, ಮುಂದಿನ ಸಲ ದೊಡ್ಡ ಬ್ಯಾಟರಿ ಬದಲಿಸುವಾಗ ಅದರ ಜೊತೆಗೇ ದಾಟಿಸಿ. ಸ್ಪ್ರೇಯರಿನದನ್ನು ಹೊಸ ಬ್ಯಾಟರಿ ಕೊಟ್ಟ ಕೃಷಿ ಸಲಕರಣೆ ಅಂಗಡಿಯಲ್ಲಿ ಮೊದಲು ಕೇಳಿ, ಅವರು ಒಲ್ಲೆನೆಂದರೆ ತಾಲ್ಲೂಕು ಕೇಂದ್ರದ ಬ್ಯಾಟರಿ ಅಂಗಡಿ. ಉಬ್ಬಿದ್ದು, ಸೀಳಿದ್ದು, ಸೋರುತ್ತಿರುವುದು ಇದ್ದರೆ ಕಾಯುವುದು ಬೇಡ, ಅದೇ ವಾರ ದಾಟಿಸಿ.

ಕಳಚುವುದು, ಒಯ್ಯುವುದು

ಯುಪಿಎಸ್ಸಾದರೆ ಪ್ಲಗ್ ಕಿತ್ತು, ಸ್ವಿಚ್ ಆರಿಸಿ, ಹತ್ತು ನಿಮಿಷ ಬಿಡಿ. ಕೆಳಗಿನ ನಾಲ್ಕು ಸ್ಕ್ರೂ ತೆಗೆದರೆ ಬ್ಯಾಟರಿ ಕಾಣುತ್ತದೆ. ಮೊದಲು ಕಪ್ಪು ವೈರು, ಆಮೇಲೆ ಕೆಂಪು. ಚಪ್ಪಟೆ ಕ್ಲಿಪ್ಪನ್ನು ವೈರು ಹಿಡಿದು ಎಳೆಯದೆ, ಕ್ಲಿಪ್ಪನ್ನೇ ಹಿಡಿದು ಅಲುಗಿಸಿ ಎಳೆಯಿರಿ. ಬ್ಯಾಟರಿ ಉಬ್ಬಿ ಸಿಕ್ಕಿಕೊಂಡಿದ್ದರೆ ಸ್ಕ್ರೂಡ್ರೈವರಿನಲ್ಲಿ ಮೀಟಬೇಡಿ. ಡಬ್ಬಿಯ ಗೋಡೆ ತೆಳು, ತುದಿ ಒಳಗೆ ಹೋದರೆ ಆಸಿಡ್ಡೂ ಕಿಡಿಯೂ ಒಟ್ಟಿಗೆ. ಯುಪಿಎಸ್ ಸಮೇತ ಕೊಟ್ಟುಬಿಡಿ.

ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಬ್ಯಾಟರಿ ಅತಿಯಾಗಿ ಚಾರ್ಜಾಗಿ ಕುದಿಯುತ್ತಿದೆ. ಮುಟ್ಟುವ ಮುಂಚೆ ಮೇನ್ ಆರಿಸಿ, ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ತಣ್ಣಗಾಗಲು ಗಂಟೆಗಟ್ಟಲೆ ಬೇಕು.

ಕಳಚಿದ ಬ್ಯಾಟರಿಯ ಎರಡೂ ಟರ್ಮಿನಲ್ಲಿಗೆ ಇನ್ಸುಲೇಷನ್ ಟೇಪು ಸುತ್ತಿ. ಸತ್ತಿದೆ ಎಂದುಕೊಂಡ ಬ್ಯಾಟರಿಯಲ್ಲೂ ಒಂದು ಕೀಲಿಕೈ ಗೊಂಚಲನ್ನು ಕೆಂಪಗೆ ಕಾಯಿಸುವಷ್ಟು ಕಸುವು ಉಳಿದಿರಬಹುದು. ನೀರಿನ ಬ್ಯಾಟರಿಯನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ನೆಟ್ಟಗೆ ಇಟ್ಟು, ಸುತ್ತ ಹಳೆ ಪೇಪರ್ ತುರುಕಿ, ಕಾರಿನ ಡಿಕ್ಕಿಯಲ್ಲೋ ಆಟೋದ ಕಾಲಿಡುವ ಜಾಗದಲ್ಲೋ ಒಯ್ಯಿರಿ. ಸ್ಕೂಟರಿನ ಮೇಲೆ ಕಾಲ ನಡುವೆ ಬೇಡ, ರಸ್ತೆಯ ಹಂಪ್ ಮೇಲೆ ಹಾರಿದರೆ ಪ್ಯಾಂಟು ಮೊದಲು ಹೋಗುತ್ತದೆ.

ಆಸಿಡ್ ಚೆಲ್ಲಿದರೆ ಅಡುಗೆ ಸೋಡಾ ಉದುರಿಸಿ, ನೊರೆ ನಿಲ್ಲುವವರೆಗೂ. ನೂರು ಮಿಲಿಲೀಟರಿಗೆ ಸುಮಾರು 75 ಗ್ರಾಂ ಬೇಕು, ಅಂದರೆ ಐದು ದೊಡ್ಡ ಚಮಚ. ಒಂದು ಲೀಟರ್ ಚೆಲ್ಲಿದರೆ ಮುಕ್ಕಾಲು ಕೆಜಿ. ಜನ ಒಂದು ಚಿಟಿಕೆ ಉದುರಿಸಿ ನೊರೆ ಕಂಡು ಸಾಕೆಂದುಕೊಳ್ಳುವುದೇ ಸಾಮಾನ್ಯ ತಪ್ಪು. ಆಮೇಲೆ ಮರಳು ಹಾಕಿ ಹೀರಿಸಿ, ಆ ಮರಳನ್ನು ದಪ್ಪ ಕವರಿನಲ್ಲಿ ಕಟ್ಟಿ ಅಪಾಯಕಾರಿ ಕಸದ ಡಬ್ಬಕ್ಕೆ ಹಾಕಿ. ಆಸಿಡ್ ಸತ್ತರೂ ಸೀಸ ಅದರಲ್ಲೇ ಇದೆ, ಗಿಡದ ಬುಡಕ್ಕೆ ಸುರಿಯಬೇಡಿ. ಮೈಗೆ, ಕಣ್ಣಿಗೆ ಬಿದ್ದರೆ ಸೋಡಾ ಹಚ್ಚದೆ ಹರಿಯುವ ನೀರು ಮಾತ್ರ, ಹದಿನೈದಿಪ್ಪತ್ತು ನಿಮಿಷ ಬಿಡದೆ. ಕಣ್ಣಾದರೆ ನೇರ ಆಸ್ಪತ್ರೆಗೆ.

ಟರ್ಮಿನಲ್ಲಿನ ಸುತ್ತ ಬೆಳೆದ ಬಿಳಿ, ಹಸಿರು ಪುಡಿಯನ್ನು ಊದಬೇಡಿ. ಒದ್ದೆ ಬಟ್ಟೆಗೆ ಸೋಡಾ ನೀರು ಹಚ್ಚಿ ಒತ್ತಿ ತೆಗೆಯಿರಿ. ಬ್ಯಾಟರಿ ಇದ್ದ ಜಾಗವನ್ನೂ ಹಾಗೇ ಒರೆಸಿ, ಒಣ ಪೊರಕೆಯಲ್ಲಿ ಗುಡಿಸಿದರೆ ಪುಡಿ ಮನೆ ತುಂಬ ಹಾರುತ್ತದೆ. ಒರೆಸಿದ ಬಟ್ಟೆಯನ್ನು ಮತ್ತೆ ಒಗೆಯದೆ ಕವರಿಗೆ ಕಟ್ಟಿ ಆ ಮರಳಿನ ಜೊತೆಗೇ ಕಳಿಸಿ. ಕೈಯನ್ನು ಸೋಪು ಹಚ್ಚಿ ಉಗುರಿನ ಸಂದಿಯವರೆಗೂ ತೊಳೆದ ಮೇಲೆಯೇ ತಿಂಡಿಗೆ, ಮಗುವಿಗೆ ಕೈ ಹಾಕಿ.